ಕಳೆಯೂ ಬೆಳೆಯೂ: ಪರಲೋಕರಾಜ್ಯದ ಒಂದು ಸಾಮ್ಯ ಮತ್ತು ಅದರ ಚರಿತ್ರೆ

ದೈವವನ್ನು ಕುರಿತು ನೇರವಾಗಿ ಹೇಳಹೊರಟರೆ ಮಾತು ಸೋಲುತ್ತದೆಂಬುದು ಎಲ್ಲ ಧರ್ಮಗಳ ಅನುಭಾವಿಗಳೂ ಕಂಡುಕೊಂಡ ಸತ್ಯ. ಆದಕಾರಣ ಅವರು ಹೊಲ, ಮನೆ, ಕಸುಬು, ಅಂಗಡಿಗಳ ನಿತ್ಯಪರಿಚಿತ ಸಂಗತಿಗಳನ್ನು ಮುಂದಿಟ್ಟುಕೊಂಡು ಅವುಗಳ ಮೂಲಕ ಅಪರಿಚಿತವಾದುದನ್ನು ತೋರಿಸಿದರು. ವಚನಗಳನ್ನು ಓದಿ ಬೆಳೆದ ನಮ್ಮ ವಾಚಕರಿಗೆ ಈ ರೀತಿ ಹೊಸದಲ್ಲ. ಸುಮಾರು ಎರಡು ಸಾವಿರ ವರ್ಷಗಳ ಹಿಂದೆ ಗಲಿಲಾಯ ಪ್ರಾಂತದಲ್ಲಿ ಸಂಚರಿಸಿದ ಯೇಸುಕ್ರಿಸ್ತನ ಬೋಧೆಯ ಬಹುಭಾಗವೂ ಇಂಥ ಕಥಾರೂಪದ ಹೋಲಿಕೆಗಳಲ್ಲಿಯೇ ಅಡಕವಾಗಿದೆ. ಕನ್ನಡ ಬೈಬಲು ಇವುಗಳನ್ನು ‘ಸಾಮ್ಯ’ಗಳೆಂದು ಕರೆದಿದೆ. ಮತ್ತಾಯನ ಸುವಾರ್ತೆಯ 13ನೆಯ ಅಧ್ಯಾಯದಲ್ಲಿ ಇಂಥ ಏಳು ಸಾಮ್ಯಗಳು ಒಂದೆಡೆ ದೊರೆಯುತ್ತವೆ. ಅವುಗಳಲ್ಲಿ ಒಂದನ್ನು ಮಾತ್ರ ಆರಿಸಿಕೊಂಡು, ಅದರ ಅರ್ಥವೇನು, ಮುಂದಿನ ಹತ್ತೊಂಬತ್ತು ಶತಮಾನಗಳಲ್ಲಿ ಅದಕ್ಕೆ ಒದಗಿದ ಗತಿಯೇನು ಎಂಬುದನ್ನು ವಿಚಾರಿಸುವುದು ಪ್ರಸ್ತುತ ಲೇಖನದ ಉದ್ದೇಶ. ಒಂದು ಪವಿತ್ರವಾಕ್ಯವನ್ನು ಪಠಿಸುವುದು ಸುಲಭ. ಅಧಿಕಾರ ಕೈಗೆ ಬಂದಾಗಲೂ ಅದನ್ನು ಪಾಲಿಸುವುದು ಎಷ್ಟು ಕಠಿಣವೆಂಬುದಕ್ಕೆ ಈ ಸಾಮ್ಯದ ಚರಿತ್ರೆಗಿಂತ ಸ್ಪಷ್ಟವಾದ ನಿದರ್ಶನ ಅಪರೂಪ.

ರಾಜ್ಯವೆಂದರೇನು?

ಮೊದಲು ‘ಪರಲೋಕರಾಜ್ಯ’ ಎಂಬ ಪದವನ್ನೇ ಪರಿಶೀಲಿಸೋಣ. ಲಂಡನ್ ಮಿಷನ್ ಸಂಸ್ಥೆಯ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು ಬೈಬಲಿನ ಕನ್ನಡ ಭಾಷಾಂತರಕ್ಕೆ ಕೈಹಾಕಿದನು. ಆ ಕಾಲದಿಂದ ಹಲವು ಬಾರಿ ತಿದ್ದುಪಡಿಗೊಂಡು ಬಂದ ಪ್ರಾಟೆಸ್ಟಂಟ್ ಭಾಷಾಂತರದಲ್ಲಿ ಈ ಪದ ನೆಲೆಗೊಂಡಿದೆ. ಕಥೋಲಿಕ ಭಾಷಾಂತರವು ‘ಸ್ವರ್ಗಸಾಮ್ರಾಜ್ಯ’ ಎನ್ನುತ್ತದೆ. ಎರಡನ್ನು ಕೇಳಿದರೂ ನಮ್ಮ ಮನಸ್ಸಿಗೆ ಮೊದಲು ಹೊಳೆಯುವುದು ಮರಣಾನಂತರ ಸೇರುವ ಒಂದು ಲೋಕ. ಆದರೆ ಮೂಲದ ‘ಬಸಿಲೇಯ’ ಎಂಬ ಗ್ರೀಕ್ ಪದಕ್ಕೆ ರಾಜನು ಆಳುವ ಭೂಮಿ ಎಂಬ ಅರ್ಥಕ್ಕಿಂತ ರಾಜನ ಆಳ್ವಿಕೆ ಎಂಬ ಅರ್ಥವೇ ಇಲ್ಲಿ ಮುಖ್ಯವೆಂದು ವಿದ್ವಾಂಸರು ಹೇಳುತ್ತಾರೆ. ಮಾರ್ಕ ಮತ್ತು ಲೂಕರ ಸುವಾರ್ತೆಗಳಲ್ಲಿ ‘ದೇವರ ರಾಜ್ಯ’ ಎಂದಿರುವೆಡೆಯಲ್ಲಿ ಮತ್ತಾಯನು ಸಾಮಾನ್ಯವಾಗಿ ‘ಪರಲೋಕರಾಜ್ಯ’ ಎನ್ನುತ್ತಾನೆ. ದೇವರ ನಾಮವನ್ನು ಉಚ್ಚರಿಸಲು ಅಂಜುವ ಯೆಹೂದ್ಯರ ಸಂಪ್ರದಾಯವೇ ಇದಕ್ಕೆ ಕಾರಣವೆಂಬುದು ರೂಢಿಯ ವಿವರಣೆ. ಆದುದರಿಂದ ಪರಲೋಕರಾಜ್ಯವೆಂದರೆ ದೇವರು ಆಳುವಾಗ ಬದುಕು ಹೇಗಿರುತ್ತದೆ ಎಂಬುದರ ಹೆಸರೆಂದು ತಿಳಿಯುವುದು ಯುಕ್ತ.

ಈ ಮಾತನ್ನು ಕೇಳಿದ ಜನರಿಗೆ ಇನ್ನೊಂದು ಆಳ್ವಿಕೆಯ ಪರಿಚಯ ಚೆನ್ನಾಗಿಯೇ ಇತ್ತು. ಗಲಿಲಾಯವನ್ನು ಕ್ರಿ. ಪೂ. 4ರಿಂದ ಕ್ರಿ. ಶ. 39ರವರೆಗೆ ರೋಮನ್ನರ ಅಧೀನನಾಗಿ ಆಳಿದವನು ಹೆರೋದ ಅಂತಿಪ. ಚಕ್ರವರ್ತಿ ತಿಬೇರಿಯನ ಹೆಸರಿನಲ್ಲಿ ಸರೋವರದ ದಡದಲ್ಲಿ ಹೊಸ ರಾಜಧಾನಿಯನ್ನೇ ಅವನು ಕಟ್ಟಿಸಿದನು. ತನ್ನನ್ನು ಖಂಡಿಸಿದ ಸ್ನಾನಿಕ ಯೋಹಾನನನ್ನು ಕೊಲ್ಲಿಸಿದವನೂ ಅವನೇ. ಅಂಥ ರಾಜ್ಯದ ಪ್ರಜೆಗಳ ಮುಂದೆ ಯೇಸು ದೇವರ ರಾಜ್ಯವನ್ನು ಸೇನೆಗೂ ಹೋಲಿಸಲಿಲ್ಲ, ಕೋಟೆಗೂ ಹೋಲಿಸಲಿಲ್ಲ. ಸಾಸಿವೆಯ ಕಾಳಿಗೆ ಹೋಲಿಸಿದನು. ಹಿಟ್ಟಿನಲ್ಲಿ ಅಡಗಿ ಅದನ್ನೆಲ್ಲ ಉಬ್ಬಿಸುವ ಹುಳಿಗೆ ಹೋಲಿಸಿದನು. ಹೊಲದಲ್ಲಿ ಹೂಳಿದ್ದ ನಿಧಿಗೆ, ಎಲ್ಲವನ್ನೂ ಮಾರಿ ಕೊಳ್ಳಬೇಕಾದ ಮುತ್ತಿಗೆ, ಒಳ್ಳೆಯ ಮೀನನ್ನೂ ಕೆಟ್ಟ ಮೀನನ್ನೂ ಒಟ್ಟಿಗೆ ಎಳೆದು ತರುವ ಬಲೆಗೆ ಹೋಲಿಸಿದನು. ಅಲ್ಪತೆ, ಗುಪ್ತತೆ, ನಿಧಾನ: ಇವೇ ಆ ಆಳ್ವಿಕೆಯ ಲಕ್ಷಣಗಳು. ನಮ್ಮ ವಿಚಾರಕ್ಕೆ ವಸ್ತುವಾದ ಸಾಮ್ಯದಲ್ಲಿ ನಿಧಾನವು ಒಂದು ಆಜ್ಞೆಯ ರೂಪವನ್ನೇ ತಾಳುತ್ತದೆ.

ಗೋದಿ ಮತ್ತು ಹಣಜಿ

ಕಥೆ ಚಿಕ್ಕದು. ಒಬ್ಬ ಒಕ್ಕಲಿಗನು ತನ್ನ ಹೊಲದಲ್ಲಿ ಒಳ್ಳೆಯ ಗೋದಿಯನ್ನು ಬಿತ್ತಿದನು. ಜನರು ನಿದ್ರೆಯಲ್ಲಿದ್ದಾಗ ಅವನ ವೈರಿ ಬಂದು ಗೋದಿಯ ನಡುವೆ ಕಳೆಯ ಬೀಜವನ್ನು ಚೆಲ್ಲಿ ಹೋದನು. ಪೈರು ಬೆಳೆದು ತೆನೆ ಒಡೆದಾಗ ಕಳೆಯೂ ಕಾಣಿಸಿತು. ಆಳುಗಳು ಬಂದು, ಹೋಗಿ ಅದನ್ನು ಕಿತ್ತುಹಾಕೋಣವೇ ಎಂದು ಕೇಳಿದರು. ಒಡೆಯನು ಬೇಡವೆಂದನು. ಕಳೆಯನ್ನು ಕೀಳಹೋಗಿ ಗೋದಿಯನ್ನೂ ಕಿತ್ತೀರಿ, ಸುಗ್ಗಿಯವರೆಗೆ ಎರಡೂ ಕೂಡಿ ಬೆಳೆಯಲಿ, ಆಗ ಕೊಯ್ಯುವವರಿಗೆ ಹೇಳಿ ಕಳೆಯನ್ನು ಸುಡಿಸಿ ಗೋದಿಯನ್ನು ಕಣಜಕ್ಕೆ ತುಂಬಿಸುವೆನು ಎಂಬುದು ಅವನ ಉತ್ತರದ ಸಾರ.

ಕನ್ನಡ ಬೈಬಲು ಈ ಕಳೆಯನ್ನು ‘ಹಣಜಿ’ ಎಂದಿದೆ. ಮೂಲದ ‘ಜಿಜಾನಿಯ’ ಪದವು ಗೋದಿಯನ್ನೇ ಹೋಲುವ ಒಂದು ಬಗೆಯ ಹುಲ್ಲನ್ನು ಸೂಚಿಸುತ್ತದೆಂದು ಸಾಮಾನ್ಯ ಅಭಿಪ್ರಾಯ. ತೆನೆ ಹೊರಡುವವರೆಗೆ ಅದನ್ನೂ ಗೋದಿಯನ್ನೂ ಬೇರ್ಪಡಿಸಿ ಗುರುತಿಸುವುದು ಅನುಭವಿಗೂ ಕಷ್ಟ. ತೆನೆ ಹೊರಟು ಗುರುತು ಸಿಕ್ಕುವ ಹೊತ್ತಿಗೆ ಎರಡರ ಬೇರುಗಳೂ ಹೆಣೆದುಕೊಂಡಿರುತ್ತವೆ. ಅದರ ಕಾಳಿನಲ್ಲಿ ಹಲವೊಮ್ಮೆ ಒಂದು ಬೂಷ್ಟು ಸೇರಿರುವುದರಿಂದ ಅದು ಹಿಟ್ಟಿನಲ್ಲಿ ಬೆರೆತರೆ ತಿಂದವರಿಗೆ ತಲೆತಿರುಗುತ್ತದೆ, ವಾಂತಿಯಾಗುತ್ತದೆ. ವೈರಿಯ ಈ ಕೃತ್ಯ ಕೇವಲ ಕಲ್ಪನೆಯಲ್ಲ. ಕ್ರಿ. ಶ. 533ರಲ್ಲಿ ಚಕ್ರವರ್ತಿ ಜಸ್ಟಿನಿಯನನು ಪ್ರಕಟಿಸಿದ ರೋಮನ್ ನ್ಯಾಯಸಂಗ್ರಹದಲ್ಲಿ, ಇನ್ನೊಬ್ಬನ ಪೈರಿನಲ್ಲಿ ಇಂಥ ಕಳೆಯನ್ನು ಬಿತ್ತಿ ಕೆಡಿಸಿದವನ ಮೇಲೆ ಹೂಡಬಹುದಾದ ವ್ಯಾಜ್ಯದ ಚರ್ಚೆಯಿದೆ. ಎಂದಮೇಲೆ ಆಳುಗಳ ಆತುರವೂ ಅಕಾರಣವಲ್ಲ. ವಿಷ ವಿಷವೇ. ಒಡೆಯನು ಕಳೆಯನ್ನು ಬೆಳೆಯೆಂದು ಕರೆಯಲಿಲ್ಲ. ಕೀಳುವ ಕೆಲಸ ನಿಮ್ಮದಲ್ಲ, ಈಗಿನದಲ್ಲ ಎಂದನು ಅಷ್ಟೆ.

ಶಿಷ್ಯರು ಏಕಾಂತದಲ್ಲಿ ಕೇಳಿದಾಗ ಯೇಸು ಕೊಟ್ಟ ವಿವರಣೆಯೂ ಅದೇ ಅಧ್ಯಾಯದಲ್ಲಿದೆ. ಅದರ ಪ್ರಕಾರ ಹೊಲವೆಂದರೆ ಲೋಕ, ಒಳ್ಳೆಯ ಬೀಜವೆಂದರೆ ರಾಜ್ಯದ ಮಕ್ಕಳು, ಕಳೆಯೆಂದರೆ ಕೆಡುಕನ ಮಕ್ಕಳು, ಸುಗ್ಗಿಯೆಂದರೆ ಯುಗದ ಸಮಾಪ್ತಿ, ಕೊಯ್ಯುವವರೆಂದರೆ ದೇವದೂತರು. ಇಲ್ಲಿ ಜಿಜ್ಞಾಸುಗಳು ಗಮನಿಸಬೇಕಾದ ಸಂಗತಿಯೊಂದಿದೆ. ಹೊಲ, ಬೀಜ, ವೈರಿ, ಸುಗ್ಗಿ, ಕೊಯ್ಯುವವರು ಎಲ್ಲಕ್ಕೂ ಅರ್ಥ ಹೇಳಿರುವ ಈ ವಿವರಣೆಯು ಆಳುಗಳು ಯಾರೆಂಬುದನ್ನು ಮಾತ್ರ ಹೇಳುವುದಿಲ್ಲ. ಪ್ರಶ್ನೆ ಕೇಳಿದವರು ಅವರೇ, ಆಜ್ಞೆ ಪಡೆದವರೂ ಅವರೇ. ಆ ಬರಿದಾದ ಸ್ಥಾನದಲ್ಲಿ ಪ್ರತಿಯೊಂದು ತಲೆಮಾರಿನ ಓದುಗನೂ ತನ್ನನ್ನು ತಾನೇ ನಿಲ್ಲಿಸಿಕೊಳ್ಳಬೇಕಾಗಿದೆ.

ಹೊಲ ಯಾವುದು?

ಮೂರನೆಯ ಶತಮಾನದ ಆರಂಭದಲ್ಲಿ ರೋಮಿನ ಬಿಷಪನಾಗಿದ್ದ ಕಲ್ಲಿಸ್ತನು ಪಾಪಿಗಳನ್ನು ಧರ್ಮಸಭೆಯಲ್ಲಿ ಉಳಿಸಿಕೊಳ್ಳಲು ಈ ಸಾಮ್ಯವನ್ನು ಆಧಾರವಾಗಿ ಹೇಳಿದನೆಂದು ಅವನ ವಿರೋಧಿ ಹಿಪ್ಪೊಲಿತನು ದೂರಿದ್ದಾನೆ. ಹೊಲವೆಂದರೆ ಧರ್ಮಸಭೆಯೆಂಬ ಅರ್ಥ ಹೀಗೆ ಮೊಳೆಯಿತು. ಆಗ ಕ್ರೈಸ್ತರೇ ರಾಜಭಯದಲ್ಲಿದ್ದವರು. ಆದುದರಿಂದ ಈ ಅರ್ಥಭೇದದಿಂದ ಯಾರ ಪ್ರಾಣಕ್ಕೂ ಅಪಾಯವಿರಲಿಲ್ಲ.

ನಾಲ್ಕನೆಯ ಶತಮಾನದಲ್ಲಿ ಸ್ಥಿತಿ ಬದಲಾಯಿತು. 303ರಲ್ಲಿ ಚಕ್ರವರ್ತಿ ಡಯೊಕ್ಲೀಶಿಯನನು ಆರಂಭಿಸಿದ ಹಿಂಸೆಯ ಕಾಲದಲ್ಲಿ ಕೆಲವು ಧರ್ಮಾಧಿಕಾರಿಗಳು ಪ್ರಾಣಭಯದಿಂದ ಪವಿತ್ರ ಗ್ರಂಥಗಳನ್ನು ಒಪ್ಪಿಸಿಬಿಟ್ಟಿದ್ದರು. ಅಂಥವರ ಕೈಯಿಂದ ದೀಕ್ಷೆ ಪಡೆದವರನ್ನು ಒಪ್ಪಲಾಗದೆಂದು ಉತ್ತರ ಆಫ್ರಿಕದ ದೊನಾತಿಸ್ಟರು ಬೇರೆಯಾದರು. 411ರಲ್ಲಿ ಚಕ್ರವರ್ತಿಯ ಅಪ್ಪಣೆಯಂತೆ ಕಾರ್ಥೇಜ್ ನಗರದಲ್ಲಿ ಉಭಯಪಕ್ಷಗಳ ವಾದಸಭೆ ಸೇರಿತು. ಐನೂರಕ್ಕೂ ಹೆಚ್ಚು ಬಿಷಪರು ನೆರೆದಿದ್ದ ಆ ಸಭೆಯಲ್ಲಿ ಈ ಸಾಮ್ಯವೇ ಒಂದು ಮುಖ್ಯ ವಿವಾದವಸ್ತುವಾಯಿತು. ಹೊಲವೆಂದರೆ ಲೋಕವೆಂದು ಸ್ವಾಮಿಯೇ ಹೇಳಿದ್ದಾನೆ, ಧರ್ಮಸಭೆಯಲ್ಲಿ ಕಳೆಗೆ ಸ್ಥಳವೆಲ್ಲಿ ಎಂದು ದೊನಾತಿಸ್ಟರು ಕೇಳಿದರು. ಬಲೆಯ ಸಾಮ್ಯವನ್ನು ಎದುರಿಟ್ಟಾಗ, ನೀರೊಳಗಿನ ಕೆಟ್ಟ ಮೀನು ಬೆಸ್ತನ ಕಣ್ಣಿಗೆ ಕಾಣದು, ಕಾಣದ ಪಾಪಿಗಳಷ್ಟೇ ಸಭೆಯಲ್ಲಿ ಇರಬಹುದು ಎಂದು ಉತ್ತರಿಸಿದರು. ಲೋಕವೆಂಬ ಪದಕ್ಕೆ ಇಲ್ಲಿ ಲೋಕವ್ಯಾಪಿಯಾದ ಧರ್ಮಸಭೆಯೆಂದೇ ಅರ್ಥವೆಂಬುದು ಆಗಸ್ಟೀನನ ಪಕ್ಷದ ವಾದ. ಮನುಷ್ಯರ ಸಂಘ ಎಂದಿಗೂ ಮಿಶ್ರವೇ ಎಂಬ ಆಗಸ್ಟೀನನ ಮಾತಿನಲ್ಲಿ ಆಳವಾದ ವಿನಯವಿದೆಯೆಂಬುದನ್ನು ಒಪ್ಪಲೇಬೇಕು.

ಆದರೆ ಆ ವಿನಯದ ಮಗ್ಗುಲಲ್ಲಿಯೇ ರಾಜದಂಡವೂ ನಿಂತಿತ್ತು. ಮೊದಲು ಬಲಾತ್ಕಾರವನ್ನು ಒಲ್ಲದಿದ್ದ ಆಗಸ್ಟೀನನು, ಶಾಸನದ ಭಯದಿಂದ ಜನರು ಹಿಂದಿರುಗುವುದನ್ನು ಕಂಡು ತನ್ನ ಅಭಿಪ್ರಾಯ ಬದಲಾಯಿತೆಂದು 408ರ ಸುಮಾರಿನ ಪತ್ರವೊಂದರಲ್ಲಿ ತಾನೇ ಬರೆದಿದ್ದಾನೆ. ಲೂಕನ ಸುವಾರ್ತೆಯ ಔತಣದ ಸಾಮ್ಯದಲ್ಲಿ ಯಜಮಾನನು ಬೀದಿಯವರನ್ನು ಒತ್ತಾಯಿಸಿ ಕರೆತರಲು ಹೇಳುವ ಮಾತನ್ನು ಅವನು ಇದಕ್ಕೆ ಆಧಾರ ಮಾಡಿಕೊಂಡನು. ಮರಣದಂಡನೆಯನ್ನು ಅವನು ಬಯಸಲಿಲ್ಲ. ಅಪರಾಧಿಗಳ ಪ್ರಾಣ ಉಳಿಸುವಂತೆ ಅಧಿಕಾರಿಗಳಿಗೆ ಬೇಡಿಕೊಂಡದ್ದೂ ಉಂಟು. ಆದರೂ ಕಳೆಯ ಸಾಮ್ಯಕ್ಕೆ ಅವನು ಒಂದು ಅಪವಾದವನ್ನು ಸೇರಿಸಿದನು: ಗೋದಿಗೆ ಅಪಾಯವಿಲ್ಲವೆಂದು ಖಚಿತವಾದೆಡೆ ಶಿಕ್ಷೆಯನ್ನು ತಡೆಯಬೇಕಾಗಿಲ್ಲ. ಅವನು ತೆರೆದ ಈ ಕಿರುಬಾಗಿಲಿನಿಂದ ಮುಂದೆ ಬಹಳ ಮಂದಿ ಒಳನುಗ್ಗಿದರು.

ಅಪವಾದವು ನಿಯಮವಾದುದು

ಕ್ರೈಸ್ತ ಅರಸನೊಬ್ಬನು ಪಾಷಂಡಮತದ ಆರೋಪ ಹೊತ್ತ ಕ್ರೈಸ್ತನನ್ನು ಕೊಲ್ಲಿಸಿದ ಮೊದಲ ಪ್ರಸಂಗ ಸುಮಾರು 385ರಲ್ಲಿ ತ್ರಿಯೇರ್ ನಗರದಲ್ಲಿ ನಡೆಯಿತು. ಹತನಾದವನು ಸ್ಪೇನಿನ ಪ್ರಿಸಿಲಿಯನ್. ತೂರ್ ನಗರದ ಸಂತ ಮಾರ್ಟಿನನೂ ಮಿಲಾನಿನ ಅಂಬ್ರೋಸನೂ ಈ ಕೃತ್ಯವನ್ನು ಖಂಡಿಸಿದರು. ಅದೇ ಕಾಲಕ್ಕೆ ಅಂತಿಯೋಕ್ಯದಲ್ಲಿ ಕ್ರಿಸೊಸ್ತೊಮನು ಮತ್ತಾಯನ ಸುವಾರ್ತೆಯನ್ನು ವ್ಯಾಖ್ಯಾನಿಸುತ್ತ, ಪಾಷಂಡರನ್ನು ಕೊಂದರೆ ಲೋಕದಲ್ಲಿ ತೀರದ ಯುದ್ಧ ಹುಟ್ಟುವುದೆಂದೂ ಇಂದು ಕಳೆಯಾಗಿರುವವರಲ್ಲಿ ಹಲವರು ನಾಳೆ ಗೋದಿಯಾಗಬಹುದೆಂದೂ ಬೋಧಿಸಿದನು. ಅವರ ಸಭೆಗಳನ್ನು ತಡೆಯಬಹುದೆಂದು ಅವನೂ ಒಪ್ಪಿದನು. ಆದರೆ ಪ್ರಾಣಕ್ಕೆ ಕೈಹಾಕಬಾರದೆಂಬುದು ಅವನ ನಿಲುವು.

ಪಶ್ಚಿಮ ಯೂರೋಪಿನಲ್ಲಿ 1022ರಲ್ಲಿ ಓರ್ಲಿಯಾನ್ಸ್ ನಗರದಲ್ಲಿ ಪಾಷಂಡರನ್ನು ಜೀವಂತ ಸುಟ್ಟರು. ಅದಾದ ಎರಡು ದಶಕಗಳ ಬಳಿಕ ಶಾಲೋನಿನ ಬಿಷಪನು ತನ್ನ ಪ್ರಾಂತದ ಪಾಷಂಡರನ್ನು ರಾಜದಂಡಕ್ಕೆ ಒಪ್ಪಿಸಬಹುದೇ ಎಂದು ಲಿಯೇಜಿನ ಬಿಷಪ್ ವಾಜೋನನ್ನು ಕೇಳಿದನು. 1042ರಿಂದ 1048ರವರೆಗೆ ಆ ಪೀಠದಲ್ಲಿದ್ದ ವಾಜೋ ಈ ಸಾಮ್ಯವನ್ನೇ ಮುಂದಿಟ್ಟು ಬೇಡವೆಂದನು. ಸುಗ್ಗಿ ನಮ್ಮದಲ್ಲ, ಇಂದು ದಾರಿಯಲ್ಲಿ ಶತ್ರುವಾಗಿ ಕಾಣುವವನು ನಾಳೆ ನಮಗಿಂತ ಮೇಲಿನವನಾಗಬಹುದು, ಕ್ರೈಸ್ತರನ್ನು ಹಿಂಸಿಸಿದ ಸೌಲನೇ ಅಪೋಸ್ತಲ ಪೌಲನಾಗಲಿಲ್ಲವೇ ಎಂಬ ಧಾಟಿಯ ಅವನ ಉತ್ತರವನ್ನು ಲಿಯೇಜಿನ ಚರಿತ್ರಕಾರ ಅನ್ಸೆಲ್ಮನು ಉಳಿಸಿಕೊಟ್ಟಿದ್ದಾನೆ. ಸೌಲನನ್ನು ಆಳುಗಳು ಕಿತ್ತಿದ್ದರೆ ಪೌಲನಿಲ್ಲ: ಈ ವಾದದ ಮುಂದೆ ಹೇಳಲು ಹೆಚ್ಚೇನೂ ಉಳಿಯದು.

ಆದರೆ ಗೆದ್ದದ್ದು ವಾಜೋನ ಪಕ್ಷವಲ್ಲ. 1230ರ ದಶಕದಲ್ಲಿ ಪೋಪ್ ಒಂಬತ್ತನೆಯ ಗ್ರೆಗರಿಯ ಕಾಲದಲ್ಲಿ ಪಾಷಂಡವಿಚಾರಣೆಯ ನ್ಯಾಯಸ್ಥಾನಗಳು ನೆಲೆಗೊಂಡವು. 1274ರಲ್ಲಿ ತೀರಿಕೊಂಡ ಥಾಮಸ್ ಅಕ್ವಿನಾಸನು ತನ್ನ ಮಹಾಗ್ರಂಥದಲ್ಲಿ ಆಗಸ್ಟೀನನ ಅಪವಾದವನ್ನು ಎತ್ತಿಕೊಂಡು, ಗೋದಿಗೆ ಹಾನಿಯಾಗದಂತೆ ಕಳೆಯನ್ನು ಕೀಳಲು ಸಾಧ್ಯವಿರುವಲ್ಲಿ ಸ್ವಾಮಿಯ ಆಜ್ಞೆ ಅಡ್ಡಬರುವುದಿಲ್ಲ, ಆದುದರಿಂದ ಹಠಮಾರಿ ಪಾಷಂಡರ ಮರಣದಂಡನೆ ಅದಕ್ಕೆ ವಿರುದ್ಧವಲ್ಲ ಎಂದು ನಿರ್ಣಯಿಸಿದನು. ತರ್ಕ ನಿರ್ದುಷ್ಟವಾಗಿಯೇ ಇದೆ. ಆದರೆ ಬೇರು ಹೆಣೆದಿರುತ್ತದೆಂದು ಒಡೆಯನು ಹೇಳಿದ್ದನ್ನು, ಬೇರು ಹೆಣೆದಿಲ್ಲವೆಂದು ತೀರ್ಮಾನಿಸುವ ಅಧಿಕಾರ ಆಳುಗಳಿಗೆ ಯಾರಿಂದ ಬಂದಿತು? ಯುಗಾಂತ್ಯದಲ್ಲಿ ದೇವದೂತರಿಗೆ ಮೀಸಲಾಗಿದ್ದ ಬೆಂಕಿಯನ್ನು ಮನುಷ್ಯರು ಊರ ಚೌಕಗಳಲ್ಲಿಯೇ ಹೊತ್ತಿಸಿದರು.

ಸುಧಾರಕರ ಪರೀಕ್ಷೆ

ಹದಿನಾರನೆಯ ಶತಮಾನದ ಮತಸುಧಾರಣೆಯು ಸಾಮ್ಯಕ್ಕೆ ಹೊಸ ಜೀವ ಕೊಟ್ಟಿತು. ಎರಾಸ್ಮಸನು 1522ರ ತನ್ನ ಮತ್ತಾಯ ವಿವರಣೆಯಲ್ಲಿ, ಅಕಾಲದಲ್ಲಿ ಕಳೆ ಕೀಳಹೊರಡುವ ಆಳುಗಳೆಂದರೆ ಪಾಷಂಡರನ್ನು ಕೊಲ್ಲಬೇಕೆನ್ನುವವರೇ ಎಂದು ಬರೆದನು; ಪ್ಯಾರಿಸಿನ ದೈವಶಾಸ್ತ್ರಜ್ಞರು ಅದನ್ನು ಖಂಡಿಸಿದರು. ಬಾಲ್ತಸಾರ್ ಹುಬ್ಮಾಯರನು 1524ರಲ್ಲಿ ಪಾಷಂಡರನ್ನು ಸುಡುವವರ ವಿರುದ್ಧ ಇದೇ ಆಧಾರದ ಮೇಲೆ ಗ್ರಂಥ ಬರೆದು, 1528ರಲ್ಲಿ ವಿಯೆನ್ನದಲ್ಲಿ ತಾನೇ ಸುಡಲ್ಪಟ್ಟನು. ಮಾರ್ಟಿನ್ ಲೂಥರನೂ ಆ ವರ್ಷಗಳಲ್ಲಿ, ಇಂದು ತಪ್ಪಿದವನು ನಾಳೆ ತಿದ್ದಿಕೊಂಡಾನು, ಕೊಂದುಬಿಟ್ಟರೆ ಅವನಿಗೆ ಆ ಅವಕಾಶವೇ ಇಲ್ಲವೆಂಬ ಭಾವದಲ್ಲಿ ಈ ಸಾಮ್ಯವನ್ನು ಬೋಧಿಸಿದನು. ಆದರೆ 1530ರ ದಶಕದ ಹೊತ್ತಿಗೆ, ತನ್ನ ಪಕ್ಷಕ್ಕೆ ದೊರೆಗಳ ಆಶ್ರಯ ದೊರೆತ ಮೇಲೆ, ಪುನರ್ದೀಕ್ಷಾವಾದಿಗಳ ಮರಣದಂಡನೆಗೆ ಅವನೂ ಸಮ್ಮತಿಯ ಸಹಿ ಹಾಕಿದನು.

1553ರ ಅಕ್ಟೋಬರ್ 27ರಂದು ಜಿನೀವದ ಷಾಂಪೆಲ್ ದಿಣ್ಣೆಯಲ್ಲಿ ಸ್ಪೇನಿನ ವೈದ್ಯ ಮಿಖಾಯೇಲ್ ಸರ್ವೇತನನ್ನು ತ್ರಿತ್ವಸಿದ್ಧಾಂತವನ್ನು ನಿರಾಕರಿಸಿದ ಅಪರಾಧಕ್ಕಾಗಿ ಸುಟ್ಟರು. ಅವನ ವಿರುದ್ಧ ಮೊಕದ್ದಮೆಯನ್ನು ಹೂಡಿಸಿದವನು ಸುಧಾರಕ ಜಾನ್ ಕ್ಯಾಲ್ವಿನ್. ಮರುವರ್ಷ ಬಾಸೆಲಿನಲ್ಲಿ ಒಂದು ಪುಸ್ತಕ ಗುಪ್ತನಾಮದಲ್ಲಿ ಹೊರಬಂದಿತು. ಪಾಷಂಡರನ್ನು ಹಿಂಸಿಸಬೇಕೇ ಎಂಬ ಪ್ರಶ್ನೆಗೆ ಪೂರ್ವಾಚಾರ್ಯರೂ ಸಮಕಾಲೀನರೂ ಕೊಟ್ಟಿದ್ದ ಉತ್ತರಗಳ ಸಂಗ್ರಹವದು. ಅದನ್ನು ಸಿದ್ಧಪಡಿಸಿದವನು ಸೆಬಾಸ್ತಿಯನ್ ಕಸ್ತೆಲಿಯೋ, ಹಿಂದೆ ಜಿನೀವದಲ್ಲಿ ಶಾಲೆಯ ಮುಖ್ಯೋಪಾಧ್ಯಾಯನಾಗಿದ್ದು ಕ್ಯಾಲ್ವಿನನೊಡನೆ ಭಿನ್ನಾಭಿಪ್ರಾಯ ಬಂದು ಆ ಊರನ್ನು ಬಿಟ್ಟವನು. ಲೂಥರ್, ಎರಾಸ್ಮಸ್, ಕ್ರಿಸೊಸ್ತೊಮ್, ಆಗಸ್ಟೀನರ ಜೊತೆಗೆ, ಅಧಿಕಾರ ಕೈಸೇರುವ ಮುನ್ನ ಕ್ಯಾಲ್ವಿನನೇ ಬರೆದಿದ್ದ ಸೌಮ್ಯವಾದ ಮಾತುಗಳನ್ನೂ ಅವನು ಅದರಲ್ಲಿ ಸೇರಿಸಿದನು. ಇದಕ್ಕಿಂತ ಮರ್ಮಸ್ಪರ್ಶಿಯಾದ ಖಂಡನೆ ಇರಲಾರದು. ಅದೇ ವರ್ಷ ಕ್ಯಾಲ್ವಿನನ ಶಿಷ್ಯ ಬೇಜಾ, ಪಾಷಂಡರನ್ನು ಶಿಕ್ಷಿಸುವುದು ರಾಜಾಧಿಕಾರಿಗಳ ಧರ್ಮವೆಂದು ಪ್ರತಿಗ್ರಂಥ ಬರೆದನು. ಬಡತನದಲ್ಲಿಯೇ ಬದುಕಿದ ಕಸ್ತೆಲಿಯೋ 1563ರಲ್ಲಿ ತೀರಿಕೊಂಡನು. ಕ್ಯಾಲ್ವಿನನ ಅನುಯಾಯಿಗಳೇ 1903ರಲ್ಲಿ ಷಾಂಪೆಲಿನಲ್ಲಿ ಪಶ್ಚಾತ್ತಾಪದ ಶಿಲಾಸ್ಮಾರಕವೊಂದನ್ನು ನಿಲ್ಲಿಸಿದರು.

ಹೊಲವೆಂದರೆ ಲೋಕ

ಸಾಮ್ಯವನ್ನು ಅದರ ಮೊದಲ ಅರ್ಥಕ್ಕೆ ಮರಳಿಸಿ, ಅದರಿಂದ ಒಂದು ರಾಜ್ಯನೀತಿಯನ್ನೇ ರೂಪಿಸಿದವನು ರೋಜರ್ ವಿಲಿಯಮ್ಸ್. ಅಮೆರಿಕದ ಮ್ಯಾಸಚೂಸೆಟ್ಸ್ ವಸಾಹತಿನ ಅಧಿಕಾರಿಗಳು 1635ರಲ್ಲಿ ಅವನಿಗೆ ಗಡೀಪಾರಿನ ಶಿಕ್ಷೆ ವಿಧಿಸಿದರು. ನಡುಚಳಿಗಾಲದಲ್ಲಿ ಊರು ಬಿಟ್ಟ ಅವನು 1636ರಲ್ಲಿ ಪ್ರಾವಿಡೆನ್ಸ್ ಎಂಬ ನೆಲೆಯನ್ನು ಸ್ಥಾಪಿಸಿದನು. 1644ರಲ್ಲಿ ಲಂಡನಿನಲ್ಲಿ ಅಚ್ಚಾದ ಅವನ ಗ್ರಂಥದ ಹಲವು ಅಧ್ಯಾಯಗಳು ಈ ಒಂದು ಸಾಮ್ಯಕ್ಕೇ ಮೀಸಲಾಗಿವೆ. ಹೊಲವೆಂದರೆ ಲೋಕ, ಅಂದರೆ ನಾಗರಿಕ ಸಮಾಜ. ಧರ್ಮಸಭೆ ತನ್ನ ಸದಸ್ಯರನ್ನು ಬೋಧೆಯಿಂದ ತಿದ್ದಲಿ, ಬೇಕಾದರೆ ಹೊರಗಿಡಲಿ. ಆದರೆ ಸುಳ್ಳುಪೂಜೆಯವನೆಂಬ ಕಾರಣದಿಂದ ಯಾರನ್ನೂ ಲೋಕದಿಂದ ಕೀಳುವ ಹಕ್ಕು ರಾಜನಿಗಿಲ್ಲ ಎಂಬುದು ಅವನ ಪ್ರತಿಪಾದನೆ. ಕೊಲೆ, ಕಳವುಗಳನ್ನು ರಾಜನು ಶಿಕ್ಷಿಸಲಿ. ಅವು ಈ ಸಾಮ್ಯದ ಕಳೆಯಲ್ಲ. ಇಂಗ್ಲೆಂಡಿನ ಪಾರ್ಲಿಮೆಂಟು ಆ ಗ್ರಂಥವನ್ನು ಸುಡಲು ಆಜ್ಞಾಪಿಸಿತು.

ವಿಲಿಯಮ್ಸನ ಹಿರಿಮೆ ಗ್ರಂಥದಲ್ಲಷ್ಟೇ ಇಲ್ಲ. ಕ್ವೇಕರರ ಮತವನ್ನು ಅವನು ಮನಸಾರೆ ದ್ವೇಷಿಸುತ್ತಿದ್ದನು. 1672ರಲ್ಲಿ ಅವರೊಡನೆ ದಿನಗಟ್ಟಲೆ ವಾದಿಸಿದನು. ನೆರೆಯ ಬಾಸ್ಟನಿನಲ್ಲಿ 1659ರಿಂದ 1661ರೊಳಗೆ ನಾಲ್ವರು ಕ್ವೇಕರರನ್ನು ಗಲ್ಲಿಗೇರಿಸಿದರು. ವಿಲಿಯಮ್ಸನ ಊರಿನಲ್ಲಿ ಅವರು ನಿರ್ಭಯವಾಗಿ ಬಾಳಿದರು. ತಾನು ಕಳೆಯೆಂದೇ ನಂಬಿದವರನ್ನು ಕೀಳದೆ ಬಿಟ್ಟ ಆಳು ಅವನು. ಮೆಚ್ಚಿದವರನ್ನು ಸಹಿಸುವುದು ಸಹನೆಯಲ್ಲವಷ್ಟೆ?

ಆಧುನಿಕ ವಿದ್ವತ್ತು 1888ರಲ್ಲಿ ಯೂಲಿಖರನ ಗ್ರಂಥದಿಂದ ಮೊದಲ್ಗೊಂಡು ಸಾಮ್ಯಗಳ ಅಧ್ಯಯನವನ್ನು ಹೊಸ ದಾರಿಗೆ ಹಚ್ಚಿತು. ಪ್ರತಿಯೊಂದು ಅಂಶಕ್ಕೂ ಗೂಢಾರ್ಥ ಹುಡುಕದೆ ಕಥೆಯ ಒಂದು ತಿರುಳನ್ನು ಹಿಡಿಯಬೇಕೆಂಬುದು ಅವನ ಸೂತ್ರ. 1945ರಲ್ಲಿ ಈಜಿಪ್ಟಿನ ನಾಗ್ ಹಮ್ಮಾದಿಯಲ್ಲಿ ದೊರೆತ ತೋಮನ ಸುವಾರ್ತೆಯಲ್ಲಿಯೂ ಈ ಸಾಮ್ಯ ಸಂಕ್ಷೇಪವಾಗಿ ಇದೆ. ಅಲ್ಲಿ ವಿವರಣೆಯಿಲ್ಲ, ಕಥೆ ಮಾತ್ರ ಇದೆ. ಅಲ್ಲಿಯೂ ಕೀಳಬೇಡಿರೆಂಬ ಮಾತು ಉಳಿದುಬಂದಿರುವುದು ಅರ್ಥಪೂರ್ಣ. ಕೊನೆಗೆ 1965ರ ಡಿಸೆಂಬರ್ 7ರಂದು ಎರಡನೆಯ ವ್ಯಾಟಿಕನ್ ಮಹಾಸಭೆಯು ಹೊರಡಿಸಿದ ಧರ್ಮಸ್ವಾತಂತ್ರ್ಯದ ಘೋಷಣೆಯಲ್ಲಿ, ಯಾರನ್ನೂ ಬಲಾತ್ಕರಿಸದ ಕ್ರಿಸ್ತನ ರೀತಿಗೆ ನಿದರ್ಶನವಾಗಿ ಇದೇ ಗೋದಿ ಮತ್ತು ಕಳೆಗಳನ್ನು ಸ್ಮರಿಸಲಾಯಿತು. ವಾಜೋ ಬರೆದ ಉತ್ತರವನ್ನು ಧರ್ಮಸಭೆ ತನ್ನದೆಂದು ಹೇಳಿಕೊಳ್ಳಲು ಒಂಬೈನೂರಕ್ಕೂ ಹೆಚ್ಚು ವರ್ಷಗಳು ಹಿಡಿದವು.

ಉಪಸಂಹಾರ

ಈ ಚರಿತ್ರೆಯನ್ನು ಕ್ರೈಸ್ತಧರ್ಮದ ದೋಷಪಟ್ಟಿಯೆಂದು ಓದಿದರೆ ನಾವೂ ಕಳೆ ಕೀಳುವ ಆಳುಗಳ ಸಾಲಿಗೇ ಸೇರಿದಂತಾಗುತ್ತದೆ. ಹಿಂಸೆಗೆ ಸಾಮ್ಯವನ್ನು ತಿರುಚಿದವರೂ ಆ ಧರ್ಮದವರೇ, ಅದರ ಮೂಲಾರ್ಥಕ್ಕಾಗಿ ಪ್ರಾಣವನ್ನೂ ಊರನ್ನೂ ಕಳೆದುಕೊಂಡವರೂ ಆ ಧರ್ಮದವರೇ. ಕಾಣಬೇಕಾದ ತತ್ತ್ವ ಬೇರೆ. ದುರ್ಬಲನಾಗಿದ್ದಾಗ ಮನುಷ್ಯನು ಸುಗ್ಗಿಯವರೆಗೆ ಕಾಯಿರಿ ಎನ್ನುತ್ತಾನೆ. ಬಲ ಬಂದೊಡನೆ ಸುಗ್ಗಿ ಬಂದಿತೆನ್ನುತ್ತಾನೆ. ಲೂಥರನಂಥ ಧೀರನಿಗೂ ಹತ್ತು ವರ್ಷಗಳಲ್ಲಿ ಈ ಪಲ್ಲಟ ತಪ್ಪಲಿಲ್ಲ.

ಒಡೆಯನು ಆಳುಗಳ ಭಕ್ತಿಯನ್ನು ಸಂದೇಹಿಸಲಿಲ್ಲ; ಅವರ ಕಣ್ಣನ್ನು ಸಂದೇಹಿಸಿದನು. ಮೂರೂವರೆ ದಶಕ ಪಾಠ ಹೇಳಿದ ಈ ಲೇಖಕನಿಗೆ ಆ ಸಂದೇಹದ ಸತ್ಯ ಸ್ವಾನುಭವದಿಂದ ತಿಳಿದಿದೆ. ಇವನಿಂದ ಏನೂ ಆಗದೆಂದು ಹಿಂದಿನ ಬೆಂಚಿಗೆ ತಳ್ಳಿದ ಹುಡುಗನೊಬ್ಬನು ಮುಂದೆ ಉಪಾಧ್ಯಾಯನಾಗಿ, ತನ್ನ ತರಗತಿಯ ಹಿಂದಿನ ಬೆಂಚನ್ನೇ ಮೊದಲು ವಿಚಾರಿಸುವವನಾದುದನ್ನು ಕಂಡು ತಲೆತಗ್ಗಿಸಿದ್ದೇನೆ. ಅಂದು ನನ್ನ ಕೈಯಲ್ಲಿದ್ದುದು ಬೆತ್ತ ಮಾತ್ರ. ಬೆಂಕಿಯಿದ್ದರೆ ಏನಾಗುತ್ತಿತ್ತೋ ಹೇಳಲಾರೆ.

ದೇವರ ಆಳ್ವಿಕೆ ಹೇಗಿರುತ್ತದೆ ಎಂದು ಕೇಳಿದವರಿಗೆ ಯೇಸು ಒಬ್ಬ ಒಕ್ಕಲಿಗನ ತಾಳ್ಮೆಯನ್ನು ತೋರಿಸಿದನು. ಆ ತಾಳ್ಮೆ ಕೆಡುಕನ್ನು ಕೆಡುಕಲ್ಲವೆನ್ನುವುದಿಲ್ಲ, ತೀರ್ಪಿಲ್ಲವೆಂದೂ ಹೇಳುವುದಿಲ್ಲ. ತೀರ್ಪು ತನ್ನದೆನ್ನುತ್ತದೆ, ಕಾಲ ಇನ್ನೂ ಇದೆ ಎನ್ನುತ್ತದೆ. ನಡುವೆ ಆಳುಗಳಿಗೆ ಉಳಿದ ಕೆಲಸವೆಂದರೆ ನೀರು ಹಾಯಿಸುವುದು, ಹೊಲವನ್ನು ಕಾಯುವುದು. ಆ ನೀರು ಕಳೆಗೂ ಹರಿಯುತ್ತದೆ, ಬೆಳೆಗೂ ಹರಿಯುತ್ತದೆ.